ಹಿಮದ ಹೊಳೆ, ಮಳೆಯ ಹೊಳೆ

ಹೊಳೆನರಸೀಪುರದವರಿಗೆ ಹೊಳೆಯೆಂದರೆ ಹೇಮಾವತಿ. ಊರಿನ ಹೆಸರಿನಲ್ಲಿ ಸಹ ಅವಳು ನರಸಿಂಹಸ್ವಾಮಿಗಿಂತ ಮುಂದಾಗಿ ಬಂದು ನಿಂತಿದ್ದಾಳೆ. ಮೂಡಿಗೆರೆ ಸೀಮೆಯಲ್ಲಿ ಬಲ್ಲಾಳರಾಯನ ದುರ್ಗದ ಮಗ್ಗುಲಿನ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಸಮೀಪದಲ್ಲಿ ಯಗಚಿಯ ಕೈಹಿಡಿದು, ನಮ್ಮೂರನ್ನು ಮುಟ್ಟಿ, ಕೊನೆಗೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುವ ಈ ಹೊಳೆ ಅಪ್ಪಟ ಮಳೆಯ ಮಗಳು. ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಇಲ್ಲಿ ಕೆಂಪು ನೀರು. ಅಲ್ಲಿ ಮಳೆ ಬಿಟ್ಟಿತೆಂದರೆ ಇಲ್ಲಿ ಮರಳು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಅವಳ ಸ್ವೇಚ್ಛೆ ಅಷ್ಟಿಷ್ಟು ಕಡಿಮೆಯಾಯಿತಾದರೂ ಹುಟ್ಟುಗುಣ ಬದಲಾಗಲಿಲ್ಲ. ಆಷಾಢ ಶ್ರಾವಣಗಳಲ್ಲಿ ಇಬ್ಬರು ರೈತರು ಎದುರಾದರೆ ಕೇಳಿಕೊಳ್ಳುವ ಮೊದಲ ಮಾತು, "ಡ್ಯಾಮು ಎಷ್ಟಕ್ಕೆ ಬಂತು?" ಎಂಬುದು. ಅಣೆಕಟ್ಟು ತುಂಬುವ ಮಟ್ಟ ೨,೯೨೨ ಅಡಿಯೆಂಬುದು ನಮ್ಮ ತಾಲ್ಲೂಕಿನ ಮಕ್ಕಳಿಗೂ ಕಂಠಪಾಠ.

ಇಂಥ ಊರಿನವರು ಕೇದಾರದ ಯಾತ್ರೆಗೆ ಹೊರಟಾಗ ಅವರ ಕಣ್ಣು ಗುಡಿಗಿಂತ ಮೊದಲು ಹೊಳೆಯ ಮೇಲೆ ಬೀಳುವುದು ಸಹಜ. ಅಲ್ಲಿ ಕಾಣುವುದು ಬೇರೆಯೇ ಜಾತಿಯ ಹೊಳೆ. ಅದರ ತವರು ಹಿಮ. ಆ ತವರುಮನೆಯ ಸ್ಥಿತಿಗತಿಯನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ಮೈಸೂರು-ಅರಸೀಕೆರೆ ರೈಲುದಾರಿಯಲ್ಲಿರುವ ನಮ್ಮ ನಿಲ್ದಾಣದಿಂದ ಹರಿದ್ವಾರದವರೆಗಿನ ಪ್ರಯಾಣವನ್ನು ವರ್ಣಿಸಿ ವಾಚಕರ ತಾಳ್ಮೆಯನ್ನು ಪರೀಕ್ಷಿಸುವುದಿಲ್ಲ. ನಮ್ಮ ತಂಡದಲ್ಲಿ ಹನ್ನೊಂದು ಜನ. ಎಲ್ಲರೂ ಹೊಳೆನರಸೀಪುರ, ಅರಕಲಗೂಡುಗಳ ಸುತ್ತಿನವರು. ಅವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದು ಪುಟ್ಟ ಹಿತ್ತಾಳೆ ಚೊಂಬಿನಲ್ಲಿ ಹೇಮಾವತಿಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡೇ ಬಂದರು. ಗಂಗೆಯ ನೀರನ್ನು ತಂದು ದಕ್ಷಿಣದ ದೇವರಿಗೆ ಎರೆಯುವುದು ರೂಢಿ. ನಮ್ಮ ಹೊಳೆಯ ನೀರೂ ಒಮ್ಮೆ ಅವನ ತಲೆಯ ಮೇಲೆ ಬೀಳಲಿ ಎಂಬುದು ಅವರ ಸಂಕಲ್ಪ.

ದೇವಪ್ರಯಾಗದಲ್ಲಿ ಅಲಕನಂದೆಯೂ ಭಾಗೀರಥಿಯೂ ಕೂಡಿ ಗಂಗೆಯೆಂಬ ಹೆಸರು ಪಡೆಯುತ್ತವೆ. ಇನ್ನೂ ಮೇಲೆ, ರುದ್ರಪ್ರಯಾಗದಲ್ಲಿ, ಅಲಕನಂದೆಗೆ ಮಂದಾಕಿನಿ ಬಂದು ಸೇರುತ್ತದೆ. ಕೇದಾರದ ದಾರಿ ಅಲ್ಲಿಂದ ಮಂದಾಕಿನಿಯ ಕಣಿವೆಯನ್ನು ಹಿಡಿದು ಗುಪ್ತಕಾಶಿ, ಸೋನಪ್ರಯಾಗಗಳನ್ನು ದಾಟಿ ಗೌರೀಕುಂಡಕ್ಕೆ ಮುಟ್ಟುತ್ತದೆ. ಮುಂದೆ ಹದಿನಾರು ಕಿಲೋಮೀಟರ್ ಕಾಲುದಾರಿ. ಕುದುರೆ, ಡೋಲಿ, ಹೆಲಿಕಾಪ್ಟರ್ ಎಲ್ಲವೂ ಇವೆ. ಅಜ್ಜಿಯವರನ್ನು ಡೋಲಿಯಲ್ಲಿ ಕೂರಿಸಿ ಉಳಿದವರು ನಡೆದೆವು. ನಡುವೆ ರಾಂಬಾಡಾ ಎಂಬ ಜಾಗ ಬಂದಿತು. ಒಂದು ಕಾಲಕ್ಕೆ ಅದು ಯಾತ್ರಿಕರು ಚಹಾ ಕುಡಿದು, ರಾತ್ರಿ ತಂಗುತ್ತಿದ್ದ ಊರು. ಈಗ ಅಲ್ಲಿ ಬಂಡೆಗಳ ಹಾಸು ಮಾತ್ರ. ಹಳೆಯ ದಾರಿಯೂ ಅಲ್ಲಿಗೇ ಮುಗಿದು, ಹೊಸ ದಾರಿ ಸೇತುವೆಯ ಮೇಲೆ ಹೊಳೆಯನ್ನು ದಾಟಿ ಎದುರು ದಂಡೆಯ ಬೆಟ್ಟವನ್ನು ಹತ್ತುತ್ತದೆ.

ಕೇದಾರದಲ್ಲಿ ಕನ್ನಡಿಗನಿಗೆ ಪರಸ್ಥಳದ ಭಾವನೆ ಬರುವುದಿಲ್ಲ. ಅಲ್ಲಿನ ಮುಖ್ಯ ಗುರುಗಳಾದ ರಾವಲರೂ, ಅವರ ಅಪ್ಪಣೆಯಂತೆ ಪೂಜೆ ನಡೆಸುವ ಅರ್ಚಕರೂ ಕರ್ನಾಟಕ ಮೂಲದ ವೀರಶೈವ ಜಂಗಮ ಪರಂಪರೆಗೆ ಸೇರಿದವರು. ರಾವಲರು ತಾವೇ ಪೂಜೆ ಮಾಡುವುದಿಲ್ಲ, ಶಿಷ್ಯರಿಂದ ಮಾಡಿಸುತ್ತಾರೆ. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠದ ನೆಲೆ ಕಣಿವೆಯ ಕೆಳಗಿನ ಊಖಿಮಠದಲ್ಲಿದೆ. ನಮ್ಮ ನೆರೆಯ ಭದ್ರಾತೀರದ ಬಾಳೆಹೊನ್ನೂರು ಅದಕ್ಕೆ ಒಡಹುಟ್ಟಿದ ಪೀಠ. ಚಳಿಗಾಲದ ಆರು ತಿಂಗಳು ಗುಡಿಯ ಬಾಗಿಲು ಮುಚ್ಚಿದಾಗ ಉತ್ಸವಮೂರ್ತಿಗೆ ಊಖಿಮಠದಲ್ಲಿಯೇ ಪೂಜೆ. ಹೀಗೆ ಹಿಮಾಲಯದ ಒಂದು ಹಿಮನದಿಯ ಬಾಯಿಯ ಮುಂದೆ ತಲೆಮಾರುಗಳಿಂದ ಬಾಳುತ್ತ ಬಂದವರು ನಮ್ಮ ಜನ. ಹಿಮ ಹೆಚ್ಚಿದರೂ ಕುಗ್ಗಿದರೂ ಅದರ ಬಿಸಿ ತಣ್ಪುಗಳು ಮೊದಲು ತಟ್ಟುವುದು ಅವರಿಗೇ.

ಸಂಜೆ ಗುಡಿಯ ಹೊರಗೆ ವಯಸ್ಸಾದ ಅರ್ಚಕರೊಬ್ಬರು ನಮ್ಮ ಮಾತು ಕೇಳಿ ನಿಂತರು.

"ಯಾವ ಊರ್ರೀ ನಿಮ್ಮದು?"

"ಹಾಸನ ಜಿಲ್ಲೆ, ಹೊಳೆನರಸೀಪುರ, ಸ್ವಾಮಿ."

"ಹೊಳಿ ಇರೋ ಊರೇನು? ಹಂಗಾದ್ರ ಇಲ್ಲಿ ನೀರಿನ ಸಪ್ಪಳ ಕೇಳ್ತಾ ಮಲಗೋದು ನಿಮಗೇನು ಹೊಸದಲ್ಲ ಬಿಡ್ರಿ. ನಮಗ ಮಾತ್ರ ಆ ವರ್ಷದಿಂದ ಈಚಿಗೆ, ರಾತ್ರಿ ಮಳಿ ಶುರುವಾತಂದ್ರ ನಿದ್ದಿ ಹತ್ತೂದಿಲ್ರೀ."

ಆ ವರ್ಷ ಯಾವುದೆಂದು ಅವರು ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಕೇದಾರದಲ್ಲಿ ಕಾಲವನ್ನು ೨೦೧೩ಕ್ಕೆ ಮುಂಚೆ, ೨೦೧೩ರ ತರುವಾಯ ಎಂದು ಎಣಿಸುವುದು ವಾಡಿಕೆಯಾಗಿಬಿಟ್ಟಿದೆ.

ಮರುದಿನ ದರ್ಶನವಾಯಿತು. ಕೇದಾರನಿಗೆ ಭಕ್ತರು ತುಪ್ಪ ಸವರುವುದು ಸಂಪ್ರದಾಯ. ಅದರೊಡನೆ ಹೇಮಾವತಿಯ ನೀರೂ ಸೇರಿತು. ಹೊರಗೆ ಬಂದು ಗುಡಿಯ ಹಿಂಭಾಗಕ್ಕೆ ನಡೆದಾಗ ಮನುಷ್ಯರಿಗಿಂತ ಎತ್ತರದ ಒಂದು ಬಂಡೆ ಅಡ್ಡಲಾಗಿ ಮಲಗಿದೆ. ಜನ ಅದನ್ನು ಭೀಮಶಿಲೆಯೆಂದು ಕರೆದು ಕುಂಕುಮ ಹಚ್ಚುತ್ತಾರೆ. ಪ್ರವಾಹದಲ್ಲಿ ಉರುಳಿಬಂದು ಗುಡಿಯ ಬೆನ್ನಿಗೆ ನಿಂತು, ನೀರನ್ನು ಎರಡು ಪಾಲು ಮಾಡಿ, ದೇವಾಲಯವನ್ನು ಉಳಿಸಿತೆಂದು ಖ್ಯಾತಿ ಪಡೆದ ಬಂಡೆ ಅದು. ಅದರ ಹಿಂದೆ ಕಲ್ಲುಗಳ ಬಯಲು; ಬಯಲಿನ ತುದಿಯಲ್ಲಿ ಬೂದು ಬಣ್ಣದ ಏರಿ; ಏರಿಯ ಮೇಲೆ ೬,೯೪೦ ಮೀಟರ್ ಎತ್ತರದ ಕೇದಾರ ಶಿಖರ ಬೆಳ್ಳಗೆ ಹೊಳೆಯುತ್ತದೆ.

ಅಜ್ಜಿಯವರು ಕಣ್ಣಿಗೆ ಕೈಮರೆ ಮಾಡಿಕೊಂಡು ನೋಡಿದರು. "ಎಲ್ಲಪ್ಪಾ ನಿನ್ನ ಹಿಮದ ನದಿ? ಬರೀ ಕಲ್ಲುಗುಡ್ಡೆ ಕಂಡಂಗದೆ!" ಎಂದರು.

"ಆ ಕಲ್ಲಿನ ಅಡೀಲೇ ಇದೆ ಅಜ್ಜಿ, ಹಿಮ."

"ಅದೆಲ್ಲ ಕರಗಿಹೋದ್ರೆ ಈ ಹೊಳೆ ಏನಾಗ್ತದೆ?"

ಈ ಪ್ರಶ್ನೆಗೆ ಆ ಗಳಿಗೆಯಲ್ಲಿ ಒಂದು ಮಾತಿನ ಉತ್ತರ ಸಾಲದಾಗಿತ್ತು. ಅವರನ್ನು ಬಿಸಿಲಿನಲ್ಲಿ ಕೂರಿಸಿ, ಒಬ್ಬ ಸ್ಥಳೀಯ ಯುವಕನನ್ನು ಜೊತೆಗೆ ಕರೆದುಕೊಂಡು ನಾವು ಮೂವರು ಮೇಲಕ್ಕೆ ಹೊರಟೆವು.

ಆ ಬೂದು ಏರಿಯ ಹಿಂದಿರುವುದೇ ಚೋರಾಬಾರಿ ಹಿಮನದಿ. ಸುಮಾರು ಏಳು ಕಿಲೋಮೀಟರ್ ಉದ್ದ. ಅದರ ಮೂತಿ ಸಮುದ್ರಮಟ್ಟದಿಂದ ೩,೯೦೦ ಮೀಟರಿನ ಆಸುಪಾಸಿನಲ್ಲಿದೆ. ಭಾಗೀರಥಿಯ ತವರಾದ ಗಂಗೋತ್ರಿ ಹಿಮನದಿಯ ಸುಮಾರು ಮೂವತ್ತು ಕಿಲೋಮೀಟರ್ ಉದ್ದದ ಮುಂದೆ ಇದು ಕೂಸು. ಆದರೂ ಇದರ ಹೆಸರು ೨೦೧೩ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಹಿಮನದಿಯೆಂದೊಡನೆ ನಾವು ಚಿತ್ರಪಟದ ಬೆಳ್ಳಿಯ ಹೊಳೆಯನ್ನು ನೆನೆಯುತ್ತೇವೆ. ಸಮೀಪದಿಂದ ನೋಡಿದರೆ ರಸ್ತೆ ಹಾಕುವ ಕಂಟ್ರಾಕ್ಟರು ಜಲ್ಲಿ ಸುರಿದು ಬಿಟ್ಟುಹೋದ ಬಯಲಿನ ಹಾಗೆ ಇದೆ. ಕಲ್ಲಿನ ಸಂದಿನಲ್ಲಿ ಎಲ್ಲಿಯೋ ಒಂದೆಡೆ ನೀಲಿಗಪ್ಪು ನೀರ್ಗಲ್ಲು ಹೊಳೆದು, ಒಳಗಿನಿಂದ ನೀರಿನ ಗುಳುಗುಳು ಸದ್ದು ಕೇಳಿಸಿದಾಗಲೇ ನಾವು ನಿಂತಿರುವುದು ನೆಲದ ಮೇಲಲ್ಲವೆಂದು ಮೈಗೆ ಅರಿವಾಗುವುದು.

ಹಿಮನದಿಯ ವ್ಯವಹಾರವನ್ನು ತಿಳಿಯಲು ನಮ್ಮ ಹಳ್ಳಿಮನೆಗಳ ಕಣಜವನ್ನು ನೆನೆದರೆ ಸಾಕು. ಮೇಲಿನಿಂದ ಧಾನ್ಯ ಸುರಿಯುತ್ತೇವೆ. ಕೆಳಗಿನ ಕಂಡಿಯಿಂದ ತೆಗೆಯುತ್ತೇವೆ. ಎತ್ತರದಲ್ಲಿ ಚಳಿಗಾಲವಿಡೀ ಬಿದ್ದ ಹಿಮ, ವರ್ಷದ ಮೇಲೆ ವರ್ಷದ ಭಾರಕ್ಕೆ ಒತ್ತಿ ಗಟ್ಟಿಯಾಗಿ ನೀರ್ಗಲ್ಲಾಗುತ್ತದೆ. ಆಲೆಮನೆಯಲ್ಲಿ ಹದಕ್ಕೆ ಬಂದ ಬೆಲ್ಲದ ಪಾಕ ಇಳಿಜಾರಿನಲ್ಲಿ ಹೇಗೆ ಅವಸರವಿಲ್ಲದೆ ಸರಿಯುತ್ತದೆಯೋ ಹಾಗೆ, ತನ್ನ ತೂಕಕ್ಕೆ ತಾನೇ ಕೆಳಗೆ ಸರಿಯುತ್ತದೆ. ಬೆಚ್ಚಗಿನ ಕೆಳಭಾಗಕ್ಕೆ ಬಂದಾಗ ಕರಗಿ ಹೊಳೆಯಾಗುತ್ತದೆ. ಸುರಿದಷ್ಟೇ ತೆಗೆದರೆ ಕಣಜದ ಮಟ್ಟ ನಿಲ್ಲುತ್ತದೆ. ಸುರಿಯುವುದು ಕಡಿಮೆಯಾಗಿ ತೆಗೆಯುವುದು ಹೆಚ್ಚಿದರೆ, ಮನೆಯವರಿಗೆ ಊಟಕ್ಕೆ ಕೆಲವು ಕಾಲ ಕೊರತೆಯೇ ಕಾಣುವುದಿಲ್ಲ. ಬದಲಿಗೆ ಎಂದಿಗಿಂತ ಧಾರಾಳವಾಗಿಯೇ ಇರುತ್ತದೆ. ಒಳಗೆ ಇಣುಕಿ ನೋಡಿದವನಿಗೆ ಮಾತ್ರ ಗೊತ್ತು.

ಇನ್ನು ಮೇಲೆ ಹೊದ್ದಿರುವ ಕಲ್ಲುಗಳ ಕಥೆ. ಮನೆಗಳಿಗೆ ತಂಪುಪೆಟ್ಟಿಗೆ ಬರುವುದಕ್ಕೆ ಮುಂಚೆ ಸೋಡಾ ಅಂಗಡಿಯವರು ಐಸುಗಡ್ಡೆಯನ್ನು ಹೊಟ್ಟಿನಲ್ಲಿ ಹೂತು ಗೋಣಿತಾಟು ಮುಚ್ಚಿ ಇಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ದಪ್ಪನೆಯ ಕಲ್ಲುಹೊದಿಕೆ ಹಿಮಕ್ಕೆ ಮಾಡುವುದೂ ಅದೇ ಉಪಕಾರ. ಬಿಸಿಲನ್ನು ಒಳಗೆ ಬಿಡುವುದಿಲ್ಲ. ಆದರೆ ಅದೇ ಕಲ್ಲು ತೆಳುವಾದ ಧೂಳಾಗಿ ಅಥವಾ ಹೊಗೆಯ ಮಸಿಯಾಗಿ ಹರಡಿದರೆ ಪರಿಣಾಮ ವಿಪರೀತ: ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತಿತ್ತು, ಕಪ್ಪು ಅದನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ಚೋರಾಬಾರಿಯಲ್ಲಿ ಕರಗುವ ಕೆಳಭಾಗದ ಅರ್ಧಕ್ಕೂ ಹೆಚ್ಚು ಕಲ್ಲಿನಿಂದ ಮುಚ್ಚಿದೆ. ಆದ್ದರಿಂದ ಅದರ ಮೂತಿ ನಿಧಾನವಾಗಿ ಹಿಂದೆ ಸರಿಯುತ್ತದೆ. ದೆಹರಾದೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರ ಲೆಕ್ಕದಲ್ಲಿ ೧೯೬೨ರಿಂದ ೨೦೧೨ರವರೆಗಿನ ಐವತ್ತು ವರ್ಷಗಳಲ್ಲಿ ಅದು ಸುಮಾರು ೩೪೦ ಮೀಟರ್ ಹಿಂಜರಿಯಿತು. ಎಂದರೆ ವರ್ಷಕ್ಕೆ ಏಳು ಮೀಟರಿಗೂ ತುಸು ಕಡಿಮೆ. ಗಂಗೋತ್ರಿಯ ಗೋಮುಖವಾದರೋ, ೧೯೩೫ರಲ್ಲಿ ಆಡೆನ್ ಎಂಬ ಭೂವಿಜ್ಞಾನಿ ಅದರ ನಕ್ಷೆ ಬರೆದಂದಿನಿಂದ ೧೯೯೬ರವರೆಗೆ ವರ್ಷಕ್ಕೆ ಸರಾಸರಿ ಹತ್ತೊಂಬತ್ತು ಮೀಟರಿನಷ್ಟು ಹಿಂದೆ ಹೋಯಿತು. ಹಾಗೆಂದು ಚೋರಾಬಾರಿ ಕ್ಷೇಮವಾಗಿದೆಯೆನ್ನುವುದು ಕಾಯಿಲೆಯವನ ಎತ್ತರ ಅಳೆದು ಆರೋಗ್ಯ ಹೇಳಿದಂತಾದೀತು. ಅದು ಉದ್ದದಲ್ಲಿ ಕಳೆದುಕೊಂಡುದಕ್ಕಿಂತ ಮೈಯಲ್ಲಿ ಸೊರಗಿರುವುದೇ ಹೆಚ್ಚು. ಹಿಮದೊಳಗೆ ಆಳವಾಗಿ ಗಳುಗಳನ್ನು ನೆಟ್ಟು, ಬೇಸಗೆ ಕಳೆದ ಮೇಲೆ ಅವು ಎಷ್ಟು ಹೊರಗೆ ಎದ್ದು ನಿಂತಿವೆಯೆಂದು ಅಳೆಯುವುದು ವಿಜ್ಞಾನಿಗಳ ಕ್ರಮ. ೨೦೦೩ರಿಂದ ಮೊದಲಾಗಿ ಇಲ್ಲಿ ಆ ಕೆಲಸ ನಡೆಯಿತು.

ಇದರಲ್ಲಿ ಮನುಷ್ಯನ ಪಾಲು ಎಷ್ಟು? ಆವೇಶಪಡದೆ ವಿಚಾರಿಸಬೇಕಾದ ಪ್ರಶ್ನೆ ಇದು. ನಮ್ಮ ಅಡಿಗೆಮನೆಯ ಮಸಾಲೆಗೆ ಹಾಕುವ ಕಲ್ಲುಹೂವನ್ನು ಓದುಗರು ಬಲ್ಲರು. ಅದರ ಬಂಧುಗಳಾದ ಹಾವಸೆಗಳು ಹಿಮಾಲಯದ ಬಂಡೆಗಳ ಮೇಲೂ ಬೆಳೆಯುತ್ತವೆ, ಅತಿ ನಿಧಾನವಾಗಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಬಂಡೆಯ ಮೇಲಿನ ಹಿಮ ಸರಿದು ಎಷ್ಟು ವರ್ಷವಾಯಿತೆಂಬುದನ್ನು ಆ ಹೂವಿನ ಅಗಲದಿಂದ ಅಂದಾಜು ಮಾಡಬಹುದು. ವಾಡಿಯಾ ಸಂಸ್ಥೆಯ ಚೌಜರ್ ಎಂಬ ವಿಜ್ಞಾನಿ ಹೀಗೆ ಅಳೆದು ೨೦೦೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹದಿನಾಲ್ಕನೆಯ ಶತಮಾನದ ನಡುಗಾಲದಿಂದ ೧೭೪೮ರ ಸುಮಾರಿನವರೆಗೆ ಚೋರಾಬಾರಿ ಕೆಳಗೆ ಚಾಚಿಕೊಂಡಿತ್ತು, ಅಲ್ಲಿಂದೀಚೆಗೆ ಹಿಂಜರಿಯುತ್ತಿದೆ. ೧೭೪೮ರಲ್ಲಿ ಮೈಸೂರಿನಲ್ಲಾಗಲಿ ಗಢವಾಲದಲ್ಲಾಗಲಿ ಕಲ್ಲಿದ್ದಲಿನ ಒಂದು ಚಿಮಣಿಯೂ ಇರಲಿಲ್ಲ. ಆದ್ದರಿಂದ ಹಿಂಜರಿಕೆಯನ್ನೆಲ್ಲ ನಮ್ಮ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ನಿಸರ್ಗ ತಾನಾಗಿ ಇಳಿಯುತ್ತಿದ್ದ ಇಳಿಜಾರಿನಲ್ಲಿ ನಾವು ಬೆನ್ನಿಗೆ ಕೈಹಾಕಿ ತಳ್ಳುತ್ತಿದ್ದೇವೆಂಬುದು ಅಷ್ಟೇ ಸತ್ಯ. ಕಲ್ಲಿದ್ದಲು, ಪೆಟ್ರೋಲುಗಳ ಹೊಗೆ ಗಾಳಿಯಲ್ಲಿ ಕೂಡಿ ಭೂಮಿ ಹತ್ತೊಂಬತ್ತನೆಯ ಶತಮಾನಕ್ಕಿಂತ ಒಂದು ಡಿಗ್ರಿಗೂ ಮೀರಿ ಕಾದಿದೆ. ಗೂಢಚಾರ ಉಪಗ್ರಹಗಳ ಹಳೆಯ ಚಿತ್ರಗಳನ್ನೂ ಹೊಸ ಚಿತ್ರಗಳನ್ನೂ ಹೋಲಿಸಿ ೨೦೧೯ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಿಮಾಲಯದ ಹಿಮ ೧೯೭೫ರಿಂದ ೨೦೦೦ದವರೆಗೆ ಕರಗಿದ್ದಕ್ಕಿಂತ ಆಮೇಲಿನ ಹದಿನಾರು ವರ್ಷಗಳಲ್ಲಿ ಎರಡರಷ್ಟು ವೇಗದಲ್ಲಿ ಕರಗಿದೆಯೆಂದು ತೋರಿಸಿತು. ಈ ವೇಗಕ್ಕೆ ಹಿಂದಿನ ಕಾಲದ ಯಾವ ನೆಪವೂ ಸಾಲದು.

ಮೇಲೆ ಹತ್ತುತ್ತ ಹೋದಂತೆ ಎಡಗಡೆ ಒಂದು ದೊಡ್ಡ ತಗ್ಗು ಕಾಣುತ್ತದೆ. ಜೊತೆಗಿದ್ದ ಯುವಕ "ಇದೇ ಗಾಂಧಿ ಸರೋವರ" ಎಂದ. ನೀರಿಲ್ಲ, ತಗ್ಗಿನ ಒಂದು ಪಕ್ಕದ ದಂಡೆ ಕಿತ್ತುಹೋಗಿದೆ. ಮಹಾತ್ಮರ ಚಿತಾಭಸ್ಮದ ಒಂದು ಭಾಗವನ್ನು ೧೯೪೮ರಲ್ಲಿ ಇಲ್ಲಿ ವಿಸರ್ಜಿಸಿದ್ದರಿಂದ ಚೋರಾಬಾರಿ ತಾಲಕ್ಕೆ ಆ ಹೆಸರು. ಬೆಟ್ಟದ ಇಳಿಜಾರಿಗೂ, ಹಿಮನದಿ ತನ್ನ ಪಕ್ಕಕ್ಕೆ ಹಿಂದೆಂದೋ ಒಟ್ಟಿದ್ದ ಕಲ್ಲುಮಣ್ಣಿನ ಏರಿಗೂ ನಡುವೆ ನಿಂತಿದ್ದ ನೀರು ಅದು. ಸುಮಾರು ೪೦೦ ಮೀಟರ್ ಉದ್ದ, ೨೦೦ ಮೀಟರ್ ಅಗಲ, ೧೫ರಿಂದ ೨೦ ಮೀಟರ್ ಆಳ. ನಮ್ಮ ಕಡೆಯ ಒಂದು ಸಣ್ಣ ಕೆರೆಯೆನ್ನಿ. ವ್ಯತ್ಯಾಸವಿಷ್ಟೇ: ನಮ್ಮ ಕೆರೆಗೆ ಕೋಡಿಯಿರುತ್ತದೆ, ತೂಬಿರುತ್ತದೆ, ಏರಿಗೆ ಜೇಡಿಮಣ್ಣು ಮೆತ್ತಿ ಕಲ್ಲುಕಟ್ಟಿದ ಒಡ್ಡರ ಕೈಯ ಗುರುತಿರುತ್ತದೆ. ಇದಕ್ಕೆ ಕೋಡಿಯಿರಲಿಲ್ಲ. ಏರಿಯೆಂದರೆ ಯಾರೂ ಕಟ್ಟದ, ಯಾರೂ ಕಾಯದ ಸಡಿಲ ಕಲ್ಲಿನ ರಾಶಿ.

೨೦೧೩ರ ಮುಂಗಾರು ಅವಸರದಿಂದ ಬಂದಿತು. ಸಾಧಾರಣವಾಗಿ ಜುಲೈ ನಡುವಿನ ಹೊತ್ತಿಗೆ ಇಡೀ ಭಾರತವನ್ನು ವ್ಯಾಪಿಸುವ ಮಳೆ ಆ ವರ್ಷ ಜೂನ್ ೧೬ಕ್ಕೇ ವ್ಯಾಪಿಸಿತು. ಎತ್ತರದ ಇಳಿಜಾರುಗಳಲ್ಲಿ ಚಳಿಗಾಲದ ಹಿಮ ಇನ್ನೂ ಇದ್ದಿತು. ಯಾತ್ರೆಯ ಜನಸಂದಣಿ ತುದಿಗೇರಿತ್ತು. ಚೋರಾಬಾರಿಯ ಬಳಿ ವಾಡಿಯಾ ಸಂಸ್ಥೆಯವರು ಇಟ್ಟಿದ್ದ ಮಳೆಮಾಪಕ ಜೂನ್ ೧೫ರ ಸಂಜೆ ಐದರಿಂದ ೧೬ರ ಸಂಜೆ ಐದರವರೆಗೆ ೩೨೫ ಮಿಲಿಮೀಟರ್ ಮಳೆಯನ್ನು ತೋರಿಸಿತು. ನಮ್ಮ ಹೊಳೆನರಸೀಪುರದಲ್ಲಿ ಸಾಧಾರಣವಾಗಿ ವರ್ಷವೆಲ್ಲ ಸುರಿಯುವ ಮಳೆಯ ಅರ್ಧಕ್ಕೆ ಸಮೀಪವಾದುದು ಅಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ ಸುರಿಯಿತು. ೧೬ರ ಸಂಜೆ ಐದೂಕಾಲರ ಹೊತ್ತಿಗೆ ಕಣಿವೆಯ ಮೊದಲ ಪ್ರವಾಹ ಇಳಿದು ಊರಿನ ಒಂದಿಷ್ಟು ಭಾಗವನ್ನು ಕೊಚ್ಚಿತು. ರಾಂಬಾಡಾ ಹೋದುದು ಈ ಪ್ರಳಯದಲ್ಲಿಯೇ. ರಾತ್ರಿಯೆಲ್ಲ ಮಳೆ ಬಿಡಲಿಲ್ಲ. ೧೭ರ ಬೆಳಗ್ಗೆ ಆರೂಮುಕ್ಕಾಲಕ್ಕೆ ಸರೋವರದ ಏರಿ ಒಡೆಯಿತು. ಐದು ಹತ್ತು ನಿಮಿಷಗಳಲ್ಲಿ ಅಷ್ಟೂ ನೀರು ಬರಿದಾಗಿ, ಬಂಡೆಗಳನ್ನು ಉರುಳಿಸಿಕೊಂಡು ಊರಿನ ಮೇಲೆ ಬಂದಿತು. ಗುಡಿ ಉಳಿಯಿತು, ಹಿಂದಿದ್ದ ಶಂಕರಾಚಾರ್ಯರ ಸಮಾಧಿ ಉಳಿಯಲಿಲ್ಲ. ಇಡೀ ಉತ್ತರಾಖಂಡದಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಐದು ಸಾವಿರಕ್ಕೂ ಮೀರಿದರು. ನಮ್ಮ ರಾಜ್ಯದ ಯಾತ್ರಿಕರೂ ಆ ಬೆಟ್ಟಗಳಲ್ಲಿ ಸಿಕ್ಕಿಬಿದ್ದಿದ್ದರು; ದೂರವಾಣಿ ಸಿಗದೆ ಮನೆಗಳಲ್ಲಿ ಕಳೆದ ಆ ದಿನಗಳನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಗುಡಿಯಲ್ಲಿ ಪೂಜೆ ಮತ್ತೆ ಆರಂಭವಾದುದು ಸೆಪ್ಟೆಂಬರ್ ೧೧ರಂದು.

ಹಿಮನದಿ ಕರಗಿ ಪ್ರವಾಹ ಬಂದಿತೆಂದು ಆಗ ಅನೇಕರು ಹೇಳಿದರು. ನಿಜವಾಗಿ ನಡೆದುದು ಅಷ್ಟು ಸರಳವಲ್ಲ. ಸರೋವರ ತುಂಬಿದ್ದು ಪಕ್ಕದ ಇಳಿಜಾರಿನ ಹಿಮದ ನೀರಿನಿಂದ ಮತ್ತು ಮಳೆಯಿಂದ. ಹಿಮನದಿ ಮಾಡಿದ್ದು ಬೇರೆ ಕೆಲಸ. ಅದು ಎತ್ತರವಾಗಿದ್ದ ಕಾಲದಲ್ಲಿ ಕಲ್ಲುಮಣ್ಣಿನ ಏರಿಗಳನ್ನು ಒಟ್ಟಿತು. ಕುಗ್ಗಿ ಹಿಂದೆ ಸರಿದ ಮೇಲೆ ಆ ಏರಿಗಳು ಒತ್ತಾಸೆಯಿಲ್ಲದೆ ನಿಂತವು. ಕೇದಾರದ ಊರು ಕೂಡ ಎರಡು ನೀರಿನ ದಾರಿಗಳ ನಡುವೆ, ಹಿಮನದಿ ಹಿಂದೊಮ್ಮೆ ತಂದು ಹರಡಿದ ಅದೇ ಸಡಿಲ ರಾಶಿಯ ಮೇಲೆ ಬೆಳೆದುದು. ಕಾದ ಗಾಳಿ ಹೆಚ್ಚು ತೇವವನ್ನು ಹೊರಬಲ್ಲುದು. ಒಂದು ಡಿಗ್ರಿಗೆ ನೂರರಲ್ಲಿ ಏಳು ಪಾಲಿನಷ್ಟು ಹೆಚ್ಚು. ಹಾಗಾಗಿ ಮಳೆ ಬಂದಾಗ ಒಟ್ಟಿಗೆ ಬರುತ್ತದೆ. ಹಿಮವಾಗಿ ಬೀಳಬೇಕಾದ ಎತ್ತರದಲ್ಲಿಯೂ ನೀರಾಗಿಯೇ ಬೀಳುತ್ತದೆ. ಹಿಮವಾಗಿ ಬಿದ್ದುದು ಕಣಜಕ್ಕೆ ಸೇರಿ ತಿಂಗಳುಗಟ್ಟಲೆ ಕಾಯುತ್ತದೆ. ನೀರಾಗಿ ಬಿದ್ದುದು ಅಂದೇ ಇಳಿಯುತ್ತದೆ.

ಇಲ್ಲಿಗೆ ಅಜ್ಜಿಯವರ ಪ್ರಶ್ನೆಗೆ ಉತ್ತರ ಹತ್ತಿರವಾಯಿತು. ಹಿಮ ಕರಗಿದರೆ ಗಂಗೆ ಬತ್ತಿಹೋಗುತ್ತದೆಂದು ಹೆದರಿಸುವ ಮ���ತನ್ನು ನಾವೆಲ್ಲ ಕೇಳಿದ್ದೇವೆ. ೨೦೩೫ರೊಳಗೆ ಹಿಮಾಲಯದ ಹಿಮನದಿಗಳು ಮಾಯವಾಗಬಹುದೆಂದು ೨೦೦೭ರ ಅಂತರರಾಷ್ಟ್ರೀಯ ಹವಾಮಾನ ವರದಿಯಲ್ಲಿ ಒಂದು ಮಾತು ನುಸುಳಿ, ಆಧಾರವಿಲ್ಲವೆಂದು ೨೦೧೦ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಂಥ ಅವಸರದ ಭವಿಷ್ಯಗಳಿಂದ ಆದ ಕೇಡೆಂದರೆ, ನಿಜವನ್ನು ಹೇಳಿದಾಗಲೂ ಜನ ನಗುವಂತಾಯಿತು. ದೇವಪ್ರಯಾಗದಲ್ಲಿ ಗಂಗೆಯ ವರ್ಷದ ನೀರಿನಲ್ಲಿ ಹಿಮ ಮತ್ತು ಹಿಮನದಿಗಳ ಪಾಲು ನೂರಕ್ಕೆ ಮೂವತ್ತಕ್ಕಿಂತ ತುಸು ಕಡಿಮೆಯೆಂದು ಜಲವಿಜ್ಞಾನಿಗಳು ಎಣಿಸಿದ್ದಾರೆ. ಬಯಲಿಗೆ ಇಳಿದಂತೆ ಅದು ಇನ್ನೂ ಕಡಿಮೆಯಾಗುತ್ತದೆ. ಮಿಕ್ಕುದರಲ್ಲಿ ಮಳೆಯದೇ ದೊಡ್ಡ ಪಾಲು. ಗಂಗೆ ಬತ್ತುವುದಿಲ್ಲ. ಆದರೆ ಆ ಮೂವತ್ತು ಪಾಲು ಬರುವ ಕಾಲವನ್ನು ನೋಡಬೇಕು: ಮಳೆಯಿಲ್ಲದ ಏಪ್ರಿಲ್ ಮೇ ತಿಂಗಳುಗಳಲ್ಲಿ, ಎಲ್ಲ ಹೊಳೆಗಳೂ ಸೊರಗಿದಾಗ, ಬಿಸಿಲು ಹೆಚ್ಚಿದಷ್ಟೂ ಈ ಹೊಳೆ ತುಂಬುತ್ತದೆ. ದಿನದ ಲೆಕ್ಕದಲ್ಲಿಯೂ ಇದೇ ಪರಿ. ನಾವು ಬೆಳಗ್ಗೆ ಆರಕ್ಕೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ್ದ ತೊರೆ, ಮಧ್ಯಾಹ್ನ ಮೂರಕ್ಕೆ ಹಿಂದಿರುಗುವಾಗ ಮೊಣಕಾಲು ಮುಳುಗಿಸಿ ಕೊರೆಯುತ್ತಿದ್ದಿತು. ಮೋಡವಿಲ್ಲದ ಆಕಾಶದಿಂದ ಬರುವ ಪ್ರವಾಹವನ್ನು ಹೇಮಾವತಿಯ ದಂಡೆಯವರು ಕನಸಿನಲ್ಲಿಯೂ ಕಂಡಿರಲಾರರು.

ಕಣಜ ಬರಿದಾಗುತ್ತ ಹೋದಂತೆ ಮಂದಾಕಿನಿ ಈ ಗುಣವನ್ನು ಕಳೆದುಕೊಂಡು ಮೆಲ್ಲಗೆ ನಮ್ಮ ಹೇಮಾವತಿಯಂತಾಗುತ್ತದೆ. ಮಳೆ ಬಂದರೆ ತುಂಬುವ, ಮಳೆ ಹೋದರೆ ಸೊರಗುವ ಹೊಳೆಯಾಗುತ್ತದೆ. ಕೇಳಲು ಇದೇನು ದೊಡ್ಡ ವಿಪತ್ತೆಂದು ತೋರದು. ನಾವೆಲ್ಲ ಅಂಥ ಹೊಳೆಯ ದಂಡೆಯಲ್ಲಿಯೇ ಬಾಳುತ್ತಿಲ್ಲವೆ? ಆದರೆ ಹೇಮಾವತಿ ನಮ್ಮೂರಿಗೆ ಬರುವ ವೇಳೆಗೆ ನೆಲ ಸಮವಾಗಿರುತ್ತದೆ. ಮೇಲೆ ಅಣೆಕಟ್ಟಿದೆ, ಬಾಗಿಲುಗಳಿವೆ, ಎಚ್ಚರಿಕೆ ಕೊಡುವವರಿದ್ದಾರೆ. ಘಟ್ಟದ ಅಂಚಿನಲ್ಲಿ ಮಳೆಯ ಹೊಳೆಯ ಕೋಪ ಎಂಥದೆಂಬುದನ್ನು ೨೦೧೮ರ ಆಗಸ್ಟಿನಲ್ಲಿ ಕೊಡಗು, ಸಕಲೇಶಪುರದ ಸೀಮೆಗಳಲ್ಲಿ ಗುಡ್ಡ ಕುಸಿದಾಗ ನಾವೂ ಕಂಡೆವು. ಅದಕ್ಕಿಂತ ಎಷ್ಟೋ ಪಾಲು ಕಡಿದಾದ, ಕೈಯಿಟ್ಟರೆ ಉರುಳುವ ಕಲ್ಲಿನ ಕಣಿವೆಯಲ್ಲಿ ಅಂಥ ಹೊಳೆ ಹರಿದರೆ ಏನಾಗುವುದೆಂಬುದನ್ನು ರಾಂಬಾಡಾದ ಬಂಡೆಹಾಸು ಹೇಳುತ್ತದೆ. ಕೆಳಗೆ ಬಂದು ಅಜ್ಜಿಯವರಿಗೆ ಇಷ್ಟನ್ನೂ ವಿವರಿಸಿದಾಗ ಅವರು ಬರಿದಾದ ಚೊಂಬನ್ನು ಸೆರಗಿನಲ್ಲಿ ಒರೆಸುತ್ತ, "ಅಂಗಂದ್ರೆ ನೀರು ಇರ್ತದೆ, ನೆಚ್ಚಿಕೆ ಇರಲ್ಲ ಅನ್ನು" ಎಂದರು. ನನ್ನ ಅರ್ಧ ಗಂಟೆಯ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಈಗಿನ ಕೇದಾರ ಹೊಸದಾಗಿ ಕಟ್ಟಿದ ಊರು. ಗುಡಿಯ ಹಿಂದೆ ಮೂರು ಸಾಲಿನ ತಡೆಗೋಡೆ ಎದ್ದಿದೆ. ಮುಂದೆ ಅಗಲವಾದ ಹಾಸುಗಲ್ಲಿನ ದಾರಿಯಾಗಿದೆ. ಕೊಚ್ಚಿಹೋದ ಸಮಾಧಿಯ ಜಾಗದಲ್ಲಿ ೨೦೨೧ರ ನವೆಂಬರಿನಲ್ಲಿ ಅನಾವರಣವಾದ ಹನ್ನೆರಡು ಅಡಿಯ ಶಂಕರಾಚಾರ್ಯರ ಕಪ್ಪುಶಿಲೆಯ ಮೂರ್ತಿ ನಮ್ಮ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರ ಕೈಯಲ್ಲಿ ಅರಳಿದುದು. ಹಿಮದ ಬೆಳಕಿನಲ್ಲಿ ಆ ಪ್ರಶಾಂತ ಮುಖವನ್ನು ನೋಡಿ ನಮ್ಮವರೆಲ್ಲ ಹಿಗ್ಗಿದರು. ಆದರೆ ೨೦೨೩ರ ಒಂದೇ ಋತುವಿನಲ್ಲಿ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬಂದರೆಂಬುದನ್ನು ಕೇಳಿದಾಗ ನನಗೆ ಹಿಗ್ಗಿಗಿಂತ ದಿಗಿಲು ಹೆಚ್ಚಾಯಿತು. ೨೦೨೪ರ ಜುಲೈ ೩೧ರ ರಾತ್ರಿ ಕಾಲುದಾರಿಯ ಮೇಲೆ ಮಳೆ ಮುರಿದುಬಿದ್ದು, ದಾರಿ ಕಿತ್ತುಹೋಗಿ, ಸಾವಿರಾರು ಯಾತ್ರಿಕರನ್ನು ಬಿಡಿಸಿ ತರಬೇಕಾಯಿತು. ಸೋನಪ್ರಯಾಗದಿಂದ ಕೇದಾರಕ್ಕೆ ಹಗ್ಗದಾರಿ ಹಾಕುವ ಯೋಜನೆಗೆ ೨೦೨೫ರ ಮಾರ್ಚಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆಯಾಗಿದೆ. ಮುದುಕರಿಗೆ, ಅಶಕ್ತರಿಗೆ ಅದರಿಂದ ಸೌಕರ್ಯವೇ ಸರಿ. ಆದರೆ ಬರುವವರನ್ನು ಬೇಗ ಮೇಲೇರಿಸುವ ವಿದ್ಯೆಯಷ್ಟೇ ಮುತುವರ್ಜಿಯಿಂದ, ಒಂದು ದಿನಕ್ಕೆ ಆ ಸಡಿಲ ನೆಲ ಎಷ್ಟು ಜನರನ್ನು ತಾಳೀತೆಂಬ ಲೆಕ್ಕವನ್ನೂ ಹಿಡಿಯಬೇಕಾಗಿದೆ.

ಹಿಮದ ಲೆಕ್ಕವನ್ನಂತೂ ಹಲವರು ಹಿಡಿದಿದ್ದಾರೆ. ಅವರಲ್ಲಿ ಕೆಲವರು ನಮ್ಮ ಬೆಂಗಳೂರಿನಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಕುಳಿತು, ಉಪಗ್ರಹದ ಚಿತ್ರಗಳಿಂದ ಹಿಮಾಲಯದ ಹಿಮನದಿಗಳನ್ನು ಅಳೆಯುತ್ತಾರೆ. ಕಠ್ಮಂಡುವಿನ ಪರ್ವತಾಧ್ಯಯನ ಕೇಂದ್ರ ೨೦೧೯ರಲ್ಲಿ ಹೊರಡಿಸಿದ ದೊಡ್ಡ ವರದಿಯಂತೆ, ಜಗತ್ತು ತನ್ನ ಬಿಸಿಯನ್ನು ಒಂದೂವರೆ ಡಿಗ್ರಿಗೆ ತಡೆದರೂ ಹಿಂದೂಕುಷ್ ಹಿಮಾಲಯದ ಹಿಮದಲ್ಲಿ ಮೂರರಲ್ಲೊಂದು ಪಾಲು ಈ ಶತಮಾನದ ಕೊನೆಗೆ ಹೋಗುತ್ತದೆ. ತಡೆಯದಿದ್ದರೆ ಮೂರರಲ್ಲಿ ಎರಡು ಪಾಲು. ಆ ಒಂದು ಪಾಲಿಗೂ ಎರಡು ಪಾಲಿಗೂ ನಡುವೆ ಇರುವುದೇ ಮನುಷ್ಯನ ಕೈಯಲ್ಲಿ ಉಳಿದಿರುವ ಹಿಮ.

ನಮ್ಮ ಕಡೆಯಿಂದ ಹೋಗಬಯಸುವವರಿಗೆ ಒಂದೆರಡು ಸೂಚನೆ. ಗುಡಿಯ ಬಾಗಿಲು ಅಕ್ಷಯ ತದಿಗೆಯ ಆಸುಪಾಸಿನಲ್ಲಿ ತೆರೆದು ದೀಪಾವಳಿಯ ಯಮದ್ವಿತೀಯೆಯ ದಿನ ಮುಚ್ಚುತ್ತದೆ. ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖಿಮಠದಲ್ಲಿ ಗೊತ್ತುಮಾಡುತ್ತಾರೆ. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲ. ಅದನ್ನು ಬಿಟ್ಟು ಹೊರಡುವುದು ಲೇಸು. ಚೋರಾಬಾರಿಯ ಕಡೆಗೆ ಹತ್ತುವುದಾದರೆ ಸ್ಥಳ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಹೊತ್ತು ಮೂಡುವುದರೊಳಗೆ ಹೊರಟು, ತೊರೆ ಏರುವುದಕ್ಕೆ ಮುಂಚೆ ಊರಿಗೆ ಹಿಂದಿರುಗಬೇಕು. ಮೂತಿಯ ಬಳಿ ಏರಿಯ ಅಡಿಯಲ್ಲಿ ನಿಲ್ಲಬಾರದು. ಬಿಸಿಲೇರಿದ ಮೇಲೆ ಅಲ್ಲಿ ಕಲ್ಲುಗಳು ಒಂದೊಂದಾಗಿ ಬಿಡಿಸಿಕೊಂಡು ಉರುಳುತ್ತಲೇ ಇರುತ್ತವೆ.